ಅವ್ವನ ಬಾಯಿ, ನನ್ನ ಮಾತು

ಆ ವರ್ಷ ನನ್ನ ಭಾನುವಾರಗಳೆಲ್ಲ ಹಲ್ಲಿನ ಡಾಕ್ಟರ ಬಾಗಿಲಲ್ಲೇ ಕಳೆದವು. ಉಳಿದ ದಿನಗಳ ಪಾಡು ಹೇಳುವುದೇ ಬೇಡ. ಬೆಳಿಗ್ಗೆ ಡೊಂಬಿವಲಿಯಲ್ಲಿ ಲೋಕಲ್‌ಗೆ ನುಗ್ಗುವುದು, ಠಾಣೆ ಊರಿನ ಸ್ಟೇಶನ್ನಿನಲ್ಲಿ ಇಳಿದು ಸೇತುವೆ ಹತ್ತಿ ಇನ್ನೊಂದು ಲೈನಿನ ಗಾಡಿ ಹಿಡಿಯುವುದು, ಸೀವುಡ್ಸ್‌ನಲ್ಲಿ ಇಳಿದು ಆಫೀಸಿಗೆ ಓಡುವುದು, ಸಂಜೆ ಇದನ್ನೇ ತಿರುಗಾಮುರುಗಾ ಮಾಡುವುದು. ಕಾಲು ಚಾಚಲು ಇದ್ದದ್ದು ಭಾನುವಾರ ಒಂದೇ. ಅದನ್ನು ಹಲ್ಲುಗಳು ನುಂಗಿದವು.

ಮನೆಯಲ್ಲಿ ಮೂರು ತಲೆಮಾರಿನ ಹಲ್ಲು ಒಟ್ಟಿಗೇ ಕೆಟ್ಟಿದ್ದವು. ಮಗಳಿಗೆ ಎಂಟು ವರ್ಷ, ನನಗೆ ನಲವತ್ತೊಂದು, ಅವ್ವನಿಗೆ ಅರವತ್ತೈದರ ಸುಮಾರು. ನೆಟ್ಟಗಿದ್ದದ್ದು ಗಂಡನ ಹಲ್ಲು ಮಾತ್ರ. ಅವರು ಬೆಂಗಳೂರಿನವರು, ದಿನಕ್ಕೆರಡು ಸಲ ತಪ್ಪದೆ ಬ್ರಷ್ ಮಾಡುವ ಪೈಕಿ. ನಮ್ಮ ಮೂವರನ್ನು ನೋಡಿ ಅವರು ಏನೂ ಅನ್ನುತ್ತಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚುತ್ತಿತ್ತು.

ಡಾಕ್ಟರ್ ನಮ್ಮ ಬಿಲ್ಡಿಂಗಿನವರೇ. ಮನೆ ನಾಲ್ಕನೇ ಮಾಳಿಗೆಯಲ್ಲಿ, ಕ್ಲಿನಿಕ್ ಕೆಳಗೆ ಗ್ರೌಂಡ್ ಫ್ಲೋರಿನಲ್ಲಿ. ನನ್ನ ವಯಸ್ಸಿನ ಮರಾಠಿ ಹೆಂಗಸು. ಅವರ ಮಗಳೂ ನನ್ನ ಮಗಳೂ ಒಂದೇ ಕ್ಲಾಸು. ಲಿಫ್ಟಿನಲ್ಲಿ, ಹಾಲಿನ ಅಂಗಡಿಯಲ್ಲಿ, ಬಿಲ್ಡಿಂಗಿನ ಗಣಪತಿಯ ಆರತಿಯಲ್ಲಿ ಅವರ ಮುಖ ನೋಡದೆ ನನ್ನ ವಾರ ಮುಗಿಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ.

ಮೊದಲು ಕುರ್ಚಿ ಹತ್ತಿದವಳು ಮಗಳು. ಅವಳ ದವಡೆ ಹಲ್ಲು ತೂತಾಗಿ ವರ್ಷವಾಗಿತ್ತು. ಹಾಲುಹಲ್ಲು ತಾನೇ, ಬೀಳುವುದಕ್ಕೇ ಇರುವುದು ಎಂದು ನಾನು ಸುಮ್ಮನಿದ್ದೆ. ಕೆನ್ನೆ ಊದಿದ ಮೇಲೆ ಕರೆದುಕೊಂಡು ಹೋದೆ. ಡಾಕ್ಟರ್ ಬೈಯಲಿಲ್ಲ, ಎಕ್ಸ್‌ರೇ ತೋರಿಸಿದರು. ಆ ದವಡೆ ಹಲ್ಲು ಹತ್ತು ಹನ್ನೊಂದನೇ ವರ್ಷದ ತನಕ ಇರಬೇಕಾದದ್ದು, ಕೆಳಗಿನ ಹೊಸ ಹಲ್ಲಿಗೆ ಜಾಗ ಕಾದಿಡುವುದು ಅದರ ಕೆಲಸ, ಈಗಲೇ ಕಿತ್ತರೆ ಪಕ್ಕದ ಹಲ್ಲುಗಳು ಸರಿದು ಆ ಜಾಗ ಕಬಳಿಸುತ್ತವೆ ಎಂದರು. ಲೋಕಲ್‌ನಲ್ಲಿ ಸೀಟು ಬಿಟ್ಟು ಎದ್ದವರ ಕತೆಯೇ ಇಲ್ಲೂ ಎಂದುಕೊಂಡೆ. ಒಳಗಿನ ಕೊಳೆತ ನರ ತೆಗೆದು, ಔಷಧ ತುಂಬಿ, ಮೇಲೆ ಸ್ಟೀಲಿನ ಟೋಪಿ ಕೂರಿಸುವುದು ಎಂದಾಯಿತು.

'ಮಮ್ಮೀ, ದುಖೇಗಾ ಕ್ಯಾ?' ಎಂದಳು ಮಗಳು, ನೋಯುತ್ತದಾ ಎಂದು. ನಾನು ಕನ್ನಡದಲ್ಲಿ ಕೇಳಿದರೂ ಅವಳು ಉತ್ತರಿಸುವುದು ಹಿಂದಿಯಲ್ಲೋ ಮರಾಠಿಯಲ್ಲೋ.

'ಇಲ್ಲ ಮರಿ, ಇರಬಿ ಕಚ್ಚಿದಂಗ ಆಗ್ತದ, ಅಷ್ಟ' ಎಂದೆ. ಇರುವೆ ಕಚ್ಚಿದ್ದಕ್ಕಿಂತ ಜಾಸ್ತಿಯೇ ಆಯಿತು. ಮುಂದಿನ ಮೂರು ದಿನ ಅವಳು ನನ್ನ ಮಾತು ನಂಬಲಿಲ್ಲ.

ಆಮೇಲೆ ನನ್ನ ಸರದಿ. ರೂಟ್ ಕೆನಾಲ್, ಮೂರು ಭಾನುವಾರ. ಮರಗಟ್ಟಿಸುವ ಸೂಜಿ, ಹಲ್ಲಿಗೆ ಕೊರೆತ, ಸಪೂರ ಸೂಜಿಗಳಿಂದ ಬೇರಿನ ಒಳಗನ್ನು ಉಜ್ಜುವುದು, ತಾತ್ಕಾಲಿಕ ಸಿಮೆಂಟು, ಮುಂದಿನ ವಾರ ಮತ್ತೆ ಅದೇ. ಜನ ಇದಕ್ಕೆ ಹೆದರಿ ಸಾಯುತ್ತಾರೆ. ನನಗೋ ಎರಡನೇ ಭಾನುವಾರ ಬಾಯಿ ತೆರೆದುಕೊಂಡೇ ನಿದ್ದೆ ಹತ್ತಿತು. ಯಾರೂ ನನ್ನಿಂದ ಏನೂ ಕೇಳದ ನಲವತ್ತು ನಿಮಿಷ ಅವು. ಡಾಕ್ಟರ್ ಭುಜ ತಟ್ಟಿ ಎಬ್ಬಿಸಿದಾಗ ನನಗೆ ನಿಜಕ್ಕೂ ಬೇಜಾರಾಯಿತು.

ಕೊನೆಯದು ಅವ್ವ.

ಅವ್ವನ ಬಗ್ಗೆ ಸ್ವಲ್ಪ ಹೇಳಬೇಕು. ವಿಜಯಪುರದ ಕಡೆಯ ಹಳ್ಳಿಯಿಂದ ಅಪ್ಪನ ಹಿಂದೆ ಈ ಡೊಂಬಿವಲಿಯ ಪಕ್ಕದ ಕಲ್ಯಾಣಕ್ಕೆ ಬಂದವಳು. ಅಪ್ಪ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ, ಅವ್ವ ಬಿಲ್ಡಿಂಗ್ ಕೆಲಸದಲ್ಲಿ ಸಿಮೆಂಟು ಕಲಸಿದ ಬುಟ್ಟಿ ಹೊರುತ್ತಿದ್ದಳು. ನಾನು ಹುಟ್ಟಿದ್ದು ಕಲ್ಯಾಣದಲ್ಲೇ. ಸೈಟಿನಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಹೆಂಗಸರೆಲ್ಲ ಉಸುಕಿನ ಗುಡ್ಡೆಯ ನೆರಳಿಗೆ ದುಂಡಗೆ ಕೂರುತ್ತಿದ್ದರು. ಒಂದು ತಗಡಿನ ಡಬ್ಬಿ ಕೈಯಿಂದ ಕೈಗೆ ಹೋಗುತ್ತಿತ್ತು. ಅದರಲ್ಲಿ ಮಶೇರಿ: ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಅರೆದ ಪುಡಿ. ಒಂದು ಚಿಟಿಕೆ ತೆಗೆದು ತೋರುಬೆರಳಿನಿಂದ ಹಲ್ಲಿಗೂ ಒಸಡಿಗೂ ತಿಕ್ಕಿ, ಉಳಿದದ್ದನ್ನು ಕೆಳತುಟಿಯ ಒಳಗೆ ಇಟ್ಟುಕೊಂಡು ಅವರು ಊರಿನ ಸುದ್ದಿ ಮಾತಾಡುತ್ತಿದ್ದರು. ಹಸಿವೂ ಬೇಸರವೂ ಅದರಲ್ಲಿ ಸಾಯುತ್ತಿದ್ದವು. ಮನೆಯಲ್ಲಿ ತಂಬಾಕು ಹುರಿಯುವ ಕೆಲಸ ನನ್ನದು. ಆ ಹೊಗೆ ನನ್ನ ಕೂದಲಿಗೆ, ಯೂನಿಫಾರ್ಮಿಗೆ ಹತ್ತುತ್ತಿತ್ತು. ಶಾಲೆಯಲ್ಲಿ ಬೆಂಚಿನ ಹುಡುಗಿಯರು ಮೂಗು ಮುಚ್ಚಿಕೊಂಡು ಆಚೆ ಸರಿಯುತ್ತಿದ್ದರು. ಓದಿ, ಕೆಲಸ ಹಿಡಿದು, ಈ ಬಿಲ್ಡಿಂಗಿನಲ್ಲಿ ಮನೆ ಮಾಡಿದ ಮೇಲೂ ಆ ವಾಸನೆ ಎಲ್ಲಿಂದಲೋ ಬಂದಂತಾಗಿ ನಾನು ಬೆಚ್ಚುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಮನೆಗೆ ಬಂದಳು, ಅವಳ ಡಬ್ಬಿಯೂ ಬಂತು.

ಅವಳ ಬಾಯಲ್ಲಿ ಉಳಿದಿದ್ದ ಏಳು ಹಲ್ಲು ಅಲ್ಲಾಡುತ್ತಿದ್ದವು. ಊಟಕ್ಕೆ ಕೂತಾಗ ಗಂಡ ಕಡಲೆಯ ಗಾದೆ ಹೇಳಿ ಛೇಡಿಸಿದರೆ ಅವ್ವ, 'ಕಡ್ಲಿ ಹಾಳಾಗಿ ಹೋಗ್ಲಿ ಅಳಿಯಂದ್ರ, ನನಗ ಜ್ವಾಳದ ರೊಟ್ಟಿ ಮುರದ್ರ ಸಾಕು' ಎನ್ನುತ್ತಿದ್ದಳು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನೆನೆಸಿ ನುಂಗುವುದು ಅವಳಿಗೆ ಅಪಮಾನವಾಗಿತ್ತು.

ಕ್ಲಿನಿಕ್ಕಿನಲ್ಲಿ ಡಾಕ್ಟರ್ ಒಂದು ಫಾರ್ಮು ತುಂಬಿಸಿಕೊಂಡರು. ಸಕ್ಕರೆ ಕಾಯಿಲೆ ಇದೆಯೇ, ಬಿಪಿ ಇದೆಯೇ. ನಾನು ನಡುವೆ ನಿಂತು ಅವ್ವನಿಗೆ ಕನ್ನಡದಲ್ಲಿ, ಅವರಿಗೆ ಮರಾಠಿಯಲ್ಲಿ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ಅದರ ಅಗತ್ಯವೇ ಇರಲಿಲ್ಲ. ಈ ಕಡೆ ನಲವತ್ತು ವರ್ಷಕ್ಕೂ ಮೇಲೆ ಕಳೆದ ಅವ್ವನಿಗೆ ಮರಾಠಿ ಬರುತ್ತಿತ್ತು. ಅದು ಸೈಟಿನ ಮರಾಠಿ, ಒರಟು. ಅದು ಈ ಕ್ಲಿನಿಕ್ಕಿನಲ್ಲಿ ಕೇಳಿಸಬಾರದೆಂದು ನಾನೇ ನಡುವೆ ನಿಂತಿದ್ದೆ.

'ಆಜೀ, ತಂಬಾಕೂ, ಮಶೇರೀ ಕಾಹೀ ಘೇತಾ ಕಾ?' ಎಂದು ಡಾಕ್ಟರ್ ಅವ್ವನನ್ನೇ ನೋಡಿ ಕೇಳಿದರು. ತಗೊಳ್ಳುತ್ತೀರಾ ಎಂದು.

'ನಾಹೀ ಡಾಕ್ಟರ್, ತಸಂ ಕಾಹೀ ನಾಹೀ' ಎಂದೆ ನಾನು. ಅಂಥದ್ದೇನೂ ಇಲ್ಲ.

'ಮತ್ತೆ ಹಲ್ಲು ಇಷ್ಟು ಕಪ್ಪು?'

'ನಮ್ಮ ಊರ ಕಡೆ ಬೋರಿನ ನೀರೇ ಹಾಗೆ. ಅಲ್ಲಿ ಎಲ್ಲರ ಹಲ್ಲೂ ಕೆಟ್ಟಿರುತ್ತವೆ' ಎಂದೆ. ನೀರಿನಿಂದ ಹಲ್ಲು ಕೆಡುವುದು ಸುಳ್ಳಲ್ಲ, ನಮ್ಮ ಕಡೆಯವರಿಗೆಲ್ಲ ಗೊತ್ತು. ಹಾಗಾಗಿ ಆ ಮಾತು ನನ್ನ ಬಾಯಲ್ಲಿ ಸಲೀಸಾಗಿ ಬಂತು. ಡಾಕ್ಟರ್ ಬರೆದುಕೊಂಡರು.

ಲಿಫ್ಟಿನಲ್ಲಿ ಅವ್ವ ಕೇಳಿದಳು: 'ಊರ ನೀರಿಗ್ಯಾಕ ಬೈದಿ? ಅದೇನ್ ಪಾಪ ಮಾಡಿತ್ತು?'

'ಸುಮ್ಮನಿರಬೇ ಯವ್ವಾ. ಆಕಿ ನಮ್ಮ ಬಿಲ್ಡಿಂಗಿನಾಕಿ. ಆಕಿ ಮುಂದ ಮಶೇರಿ ಸುದ್ದಿ ತಗೀಬ್ಯಾಡ' ಎಂದೆ.

'ಹಂಗಾರ ಬ್ಯಾಡ ಬಿಡು' ಎಂದಳು.

ಏಳೂ ಹಲ್ಲುಗಳನ್ನು ಭಾನುವಾರಕ್ಕೆ ಎರಡು ಮೂರರಂತೆ ಕಿತ್ತರು. ಹತ್ತಿ ಕಚ್ಚಿಕೊಂಡಿರಬೇಕು, ಉಗುಳಬಾರದು, ಬಿಸಿ ಬೇಡ. ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಮುಚ್ಚಳದಂತೆ ಕೂರಬೇಕು, ಅದು ಕಿತ್ತುಬಂದರೆ ಎಲುಬು ಬಯಲಾಗುತ್ತದೆ ಎಂದರು. ಮೊದಲ ಸಲ ಕಿತ್ತ ಮರುದಿನ ಬೆಳಿಗ್ಗೆ ಬಾಲ್ಕನಿಯಲ್ಲಿ ವಾಷಿಂಗ್ ಮಶೀನಿನ ಹಿಂದೆ ಅವ್ವ ಬೆರಳಿನಿಂದ ಒಸಡು ತಿಕ್ಕುತ್ತಿದ್ದಳು. ನನಗೆ ಎಂಟು ಹತ್ತರ ಗಾಡಿ ಹಿಡಿಯಬೇಕಿತ್ತು. ಬೈದು ಓಡಿದೆ. ಮೂರನೇ ದಿನ ಅವಳಿಗೆ ಕಿವಿಯವರೆಗೆ ನೋವು ಹತ್ತಿತು, ತಲೆ ಗೋಡೆಗೆ ಒತ್ತಿಕೊಂಡು ಕೂತಳು. ಡಾಕ್ಟರ್ ಗುಳಿ ತೊಳೆದು ಲವಂಗದ ವಾಸನೆಯ ಔಷಧ ಇಟ್ಟರು. 'ತಂಬಾಕಿನ ಚಟ ಇದ್ದವರಿಗೆ ಹೀಗಾಗೋದು ಜಾಸ್ತಿ. ಆಜಿಗೆ ಯಾಕಾಯಿತು?' ಎಂದರು. ಜೋರಾಗಿ ಬಾಯಿ ಮುಕ್ಕಳಿಸಿದಳು ಎಂದೆ. ಒಂದು ಸುಳ್ಳಿಗೆ ಇನ್ನೊಂದರ ಆಸರೆ.

ಆ ದಿನ ಡಬ್ಬಿಯನ್ನು ಕಸದ ಬುಟ್ಟಿಗೆ ಎಸೆದೆ. ವಾರದಲ್ಲಿ ಹೊಸ ಡಬ್ಬಿ ಬಂತು. ಎದುರಿನ ಪ್ಲಾಟಿನಲ್ಲಿ ಎತ್ತರದ ಬಿಲ್ಡಿಂಗ್ ಏಳುತ್ತಿತ್ತು, ಅಲ್ಲಿ ಕಲಬುರಗಿ ಕಡೆಯ ಹೆಂಗಸರು ಕೆಲಸಕ್ಕಿದ್ದರು. ನಾವೆಲ್ಲ ಹೊರಗೆ ಹೋದ ಮೇಲೆ ಅವ್ವ ಇಳಿದುಹೋಗಿ ಅವರ ಜೊತೆ ಕೂರುತ್ತಿದ್ದಳಂತೆ. ವಾಚ್‌ಮನ್ ಹೇಳಿದ. ನಾನು ಕೂಗಾಡಿದೆ.

'ನೀ ಮುಂಜಾನಿ ಹೋದಾಕಿ ಹೊತ್ತ ಮುಳುಗಿದ ಮ್ಯಾಲ ಬರ್ತಿ. ನಿನ್ನ ಮಗಳು ನನ್ನ ಕೂಡ ನಾಕ ಮಾತ ಕನ್ನಡ ಆಡಂಗಿಲ್ಲ. ನಾ ಯಾರ ಕೂಡ ಕುಂಡ್ರಲಿ ಹೇಳು' ಎಂದಳು ಅವ್ವ. ಹೋಗಿ ಮಲಗಿದೆ.

ಒಸಡು ಮಾಗಿದ ಮೇಲೆ ಕಟ್ಟುವ ಹಲ್ಲಿನ ಸೆಟ್ಟಿನ ಕೆಲಸ ಶುರುವಾಯಿತು. ಹಿಟ್ಟಿನಂಥದ್ದನ್ನು ಬಾಯಲ್ಲಿ ಒತ್ತಿ ಅಚ್ಚು ತೆಗೆಯುವುದು ಒಂದು ಭಾನುವಾರ, ಮೇಣದಲ್ಲಿ ಕಚ್ಚಿಸುವುದು ಇನ್ನೊಂದು, ಮೇಣದ ಮೇಲೆ ಹಲ್ಲು ಜೋಡಿಸಿ ತೋರಿಸುವುದು ಮತ್ತೊಂದು. ಕೊನೆಗೆ ಸೆಟ್ಟು ಬಂತು. ಅವ್ವ ಕನ್ನಡಿ ಹಿಡಿದು ಬಹಳ ಹೊತ್ತು ನೋಡಿಕೊಂಡಳು. ಹದಿನೈದು ದಿನಕ್ಕೆ ರೊಟ್ಟಿಯ ಅಂಚನ್ನು ಟಕ್ಕೆಂದು ಮುರಿದು ತಿಂದಳು. ನನಗೆ ಅಳು ಬಂತು. ಇಷ್ಟಕ್ಕೆ ಇದು ಮುಗಿಯಿತಲ್ಲ ಎಂಬ ಸಮಾಧಾನದ ಅಳು ಅದು.

ಮುಗಿಯಲಿಲ್ಲ. ಕೆಳತುಟಿಯ ಒಳಗೆ, ಎಡಕ್ಕೆ, ಒಂದು ಹುಣ್ಣು ಎದ್ದಿತು. ಸೆಟ್ಟಿನ ಅಂಚು ತಾಗುತ್ತಿದೆ ಎಂದು ಡಾಕ್ಟರ್ ಅದನ್ನು ಉಜ್ಜಿ ತೆಳುಮಾಡಿದರು. ಹುಣ್ಣು ಹೋಗಲಿಲ್ಲ. ಇನ್ನೊಮ್ಮೆ ಉಜ್ಜಿದರು. ಹುಣ್ಣಿನ ಸುತ್ತ ಬೆಳ್ಳಗೆ ಮಚ್ಚೆ ಕಾಣಿಸಿತು. ಡಾಕ್ಟರ್ ಲೈಟನ್ನು ಹತ್ತಿರ ಎಳೆದುಕೊಂಡು ನೋಡಿದರು. 'ಸೆಟ್ಟಿನದೇ ಇರಬೇಕು. ಮಶೇರಿ ಗಿಶೇರಿ ಇದ್ದಿದ್ದರೆ ನಾನು ಇವತ್ತೇ ಠಾಣೆಯ ಸರ್ಜನ್ ಹತ್ತಿರ ಕಳಿಸುತ್ತಿದ್ದೆ. ಸೆಟ್ಟು ತೆಗೆದಿಡಿ, ಹದಿನೈದು ದಿನ ನೋಡೋಣ' ಎಂದರು.

ಅವ್ವ ಮಶೇರಿಯ ಚಿಟಿಕೆ ಇಟ್ಟುಕೊಳ್ಳುವ ಜಾಗ ಅದೇ. ನನಗೆ ಗೊತ್ತಿತ್ತು. ಆ ಮಾತನ್ನು ಎರಡೂ ಕಿವಿಯಿಂದ ಕೇಳಿಯೂ ನಾನು ಬಾಯಿ ಬಿಡಲಿಲ್ಲ. ಇಷ್ಟು ದಿನ ಸುಳ್ಳು ಹೇಳಿದ್ದಿರಾ ಎಂದು ಅವರು ಕೇಳಿದರೆ ಏನು ಹೇಳಲಿ, ನಾಳೆ ಲಿಫ್ಟಿನಲ್ಲಿ ಮುಖ ಹೇಗೆ ತೋರಿಸಲಿ ಎಂಬುದೇ ತಲೆಯಲ್ಲಿತ್ತು. ಹದಿನೈದು ದಿನವಾದ ಭಾನುವಾರ ಆಫೀಸಿನವರು ಕೆಲಸಕ್ಕೆ ಕರೆದರು. ಅದರ ಮುಂದಿನ ವಾರ ಡಾಕ್ಟರ್ ಊರಲ್ಲಿರಲಿಲ್ಲ. ಹೀಗೆ ತಿಂಗಳು ಕಳೆಯಿತು. ಪ್ರತಿ ಬೆಳಿಗ್ಗೆ ಗಾಡಿಯಲ್ಲಿ ಹೆಂಗಸರ ನಡುವೆ ಒತ್ತಿಕೊಂಡು ನಿಂತು ಫೋನಿನಲ್ಲಿ ಬಾಯಿ ಕ್ಯಾನ್ಸರಿನ ಚಿತ್ರ ನೋಡುತ್ತಿದ್ದೆ. ಸಂಜೆ ಮನೆಗೆ ಬಂದು ಏನೂ ಮಾಡುತ್ತಿರಲಿಲ್ಲ. ದಣಿದಿದ್ದೆ ಎನ್ನಬಹುದು. ಆದರೆ ದಣಿವಿಗಿಂತ ದೊಡ್ಡದು ಹೇಡಿತನ.

ತಿಂಗಳ ಮೇಲೆ ಡಾಕ್ಟರ್ ನೋಡಿದವರೇ ಚೀಟಿ ಬರೆದು ಠಾಣೆಯ ನೌಪಾಡಾದ ಸರ್ಜನ್ ಹತ್ತಿರ ಕಳಿಸಿದರು. ರಜೆ ಹಾಕಿ ಹೋದೆ. ಸರ್ಜನ್ ವಯಸ್ಸಾದವರು, ಮೆಲ್ಲನೆ ಮಾತಾಡುವವರು. ಗ್ಲೌಸ್ ಹಾಕಿದ ಬೆರಳಿನಿಂದ ಅವ್ವನ ತುಟಿ ಮಡಿಸಿ ನೋಡಿದರು, ಕುತ್ತಿಗೆಯಲ್ಲಿ ಗಂಟಿದೆಯೇ ಎಂದು ಮುಟ್ಟಿ ನೋಡಿದರು. ಆಮೇಲೆ ಕುರ್ಚಿ ಎಳೆದು ಅವಳೆದುರು ಕೂತು ತಂಬಾಕಿನ ಅದೇ ಪ್ರಶ್ನೆ ಕೇಳಿದರು. ಈ ಸಲ ಹೇಳಿಬಿಡಬೇಕೆಂದು ನಾನು ಉಸಿರು ಎಳೆದುಕೊಂಡೆ.

ನನಗಿಂತ ಮೊದಲು ಅವ್ವ ಮಾತಾಡಿದಳು. 'ನಾಯ್ ಹೋ ಡಾಕ್ಟರಸಾಹೇಬ, ಮೀ ಕಾಯ್ ಘೇತ್ ನಾಯ್. ಆಮಚ್ಯಾ ಗಾವಚ ಪಾಣೀ ಖರಾಬ್.' ನಾನು ಏನೂ ತಗೊಳ್ಳುವುದಿಲ್ಲ, ನಮ್ಮ ಊರಿನ ನೀರು ಕೆಟ್ಟದ್ದು.

ನನ್ನ ಮಾತನ್ನೇ, ನಾನು ಹೇಳಿದ ಕ್ರಮದಲ್ಲೇ, ಮುಖದಲ್ಲಿ ಒಂದು ಗೆರೆಯೂ ಕದಲದೆ ಹೇಳಿದಳು. ತನ್ನ ಬಾಯೊಳಗೆ ಏನೋ ಆಗಿದೆ ಎಂದು ಅವಳಿಗೆ ಗೊತ್ತಿತ್ತು, ಹೆದರಿದ್ದಳು, ಬರುವಾಗ ಗಾಡಿಯಲ್ಲಿ ನನ್ನ ಕೈ ಹಿಡಿದೇ ಕೂತಿದ್ದಳು. ಆದರೂ ಹಾಗೆಂದಳು.

'ಸುಳ್ಳು, ಡಾಕ್ಟರ್' ಎಂದೆ. 'ಮಶೇರಿ ಹಚ್ಚುತ್ತಾಳೆ. ನಲವತ್ತು ವರ್ಷದಿಂದ, ದಿನಕ್ಕೆ ನಾಲ್ಕೈದು ಸಲ. ಈ ಜಾಗದಲ್ಲೇ ಇಡುತ್ತಾಳೆ. ನಮ್ಮ ಡಾಕ್ಟರಿಗೆ ಇಲ್ಲ ಎಂದು ಹೇಳಿದವಳು ನಾನು. ಇವಳಲ್ಲ.'

ಸರ್ಜನ್ ಅದನ್ನು ಚೀಟಿಯ ಮೇಲೆ ಬರೆದುಕೊಂಡರು. ಬೈದಿದ್ದರೆ ಹಗುರಾಗುತ್ತಿತ್ತೇನೋ. 'ಇವತ್ತೇ ಸಣ್ಣ ತುಣುಕು ತೆಗೆದು ಪರೀಕ್ಷೆಗೆ ಕಳಿಸೋಣ' ಎಂದಷ್ಟೇ ಅಂದರು. ಮರಗಟ್ಟಿಸಿ, ಕಾಳಿನಷ್ಟು ಮಾಂಸ ತೆಗೆದು, ಎರಡು ಹೊಲಿಗೆ ಹಾಕಿದರು.

ತಿರುಗಿ ಬರುವಾಗ ಗಾಡಿ ಮುಂಬ್ರಾ ಸ್ಟೇಶನ್ ದಾಟಿತು. ಅವ್ವ ಊದಿದ ತುಟಿಯಲ್ಲೇ ಹೇಳಿದಳು: 'ನೀನ ಹೇಳಬ್ಯಾಡ ಅಂದಿದ್ದಿ. ನಿನ್ನ ಮಂದಿ ಮುಂದ ನಿನ್ನ ಮರ್ಯಾದಿ ಹೋಗಬಾರದಂತ ನಾ ಬಾಯಿ ಕಟ್ಕೊಂಡೆ. ಇವತ್ತ ನೀನ ಎದ್ದ ನಿಂತ ನನ್ನ ಸುಳ್ಳಬುರಕಿ ಮಾಡಿದಿ.'

'ತಪ್ಪಾತಬೇ' ಎಂದೆ. ಅವಳು ಕಿಟಕಿಯ ಆಚೆ ನೋಡುತ್ತಿದ್ದಳು.

ಮರುದಿನ ನಾಲ್ಕನೇ ಮಾಳಿಗೆಗೆ ಹತ್ತಿಹೋಗಿ ನಮ್ಮ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರಿಗೆ ಸಿಟ್ಟು ಬಂತು, ಸಹಜ. 'ಮಶೇರಿ ನನಗೇನು ಹೊಸದಾ? ನನ್ನ ಅಜ್ಜಿ ಸಾಯುವ ತನಕ ಹಚ್ಚುತ್ತಿದ್ದಳು. ನೀವು ನನ್ನಿಂದ ಏನು ಮುಚ್ಚಿಟ್ಟಿರಿ? ಆಜಿಯ ಉಪಚಾರಕ್ಕೆ ಸಿಗಬೇಕಿದ್ದ ದಿನಗಳನ್ನಾ?' ಎಂದರು. ಯಾವ ಮುಖಕ್ಕೆ ನಾನು ಅಷ್ಟು ಹೆದರಿದ್ದೆನೋ ಆ ಮುಖಕ್ಕೆ ನನ್ನ ನಾಚಿಕೆಯ ವಿಷಯವೆಂದರೆ ಬರೀ ತನ್ನ ಅಜ್ಜಿಯ ನೆನಪಾಗಿತ್ತು. ಮೆಟ್ಟಿಲಿಳಿದು ಬಂದೆ.

ರಿಪೋರ್ಟಿಗೆ ಎಂಟು ದಿನ. ಎಂಟು ದಿನವೂ ಅವ್ವ ಮಾಮೂಲಿನಂತೆ ಬೇಳೆ ಆರಿಸಿದಳು, ಮಗಳ ಜಡೆ ಹೆಣೆದಳು. ಡಬ್ಬಿ ಮುಟ್ಟಿದಳೋ ಇಲ್ಲವೋ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಎಂಟನೇ ದಿನ ನೌಪಾಡಾದಲ್ಲಿ ನಮ್ಮ ಸರದಿ ಬಂದಾಗ ನಾನೂ ಎದ್ದೆ. ಅವ್ವ ನನ್ನ ಭುಜ ಹಿಡಿದು ಕೂರಿಸಿದಳು.

'ನೀ ಹೊರಗ ಕುಂಡ್ರು. ನಂದು ನಾ ಮಾತಾಡ್ತೀನಿ.'

ಬಾಗಿಲು ಮುಚ್ಚಿತು. ಗಾಜಿನ ಆಚೆ ಅವಳ ಒರಟು ಮರಾಠಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಹತ್ತು ನಿಮಿಷ ಕಳೆದವು. ಅವಳು ಹೊರಗೆ ಬಂದಳು.

'ಕ್ಯಾನ್ಸರ್ ಅಲ್ಲಂತ. ಆದ್ರ ಕೆಡಾಕ ಹತ್ತಿತ್ತಂತ. ಮಶೇರಿ ಇನ್ನ ಮುಟ್ಟಬಾರದಂತ. ಮೂರ ತಿಂಗಳಿಗೊಮ್ಮೆ ಬಂದ ತೋರಸಬೇಕಂತ. ನಡಿ' ಎಂದಳು.

ನಾನು ಅವಳ ಮುಖ ನೋಡಿದೆ. ಮೀ ಕಾಯ್ ಘೇತ್ ನಾಯ್ ಎಂದಾಗ ಇದ್ದ ಮುಖವೇ ಇದೂ. ಒಂದು ಗೆರೆಯೂ ಕದಲಿರಲಿಲ್ಲ. ಸಂತೋಷಪಡಬೇಕಾದವಳು ನಾನು ಎದ್ದು ಅವಳನ್ನು ದಾಟಿಕೊಂಡು ಒಳಗೆ ಹೋದೆ. ಸರ್ಜನ್ ತಲೆಯೆತ್ತಿದರು. ಅವಳು ಹೇಳಿದ್ದನ್ನೇ, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ, ಹೇಳಿದರು. 'ನಿಮ್ಮ ತಾಯಿಗೆ ಎಲ್ಲ ಬಿಡಿಸಿ ಹೇಳಿದ್ದೇನೆ. ಅವರು ಹೇಳಲಿಲ್ಲವೇ?' ಎಂದು ಕೇಳಿದರು. ಹೇಳಿದಳು ಎಂದೆ.

ಹೊರಗೆ ಅವ್ವ ಬೆಂಚಿನ ಮೇಲೆ ಕೂತು ಚಪ್ಪಲಿ ಮೆಟ್ಟುತ್ತಿದ್ದಳು.

'ನನ್ನ ಮಾತ ನಂಬಲಿಲ್ಲ, ಹೌದಲ್ಲ?'

'ಹೌದಬೇ, ನಂಬಲಿಲ್ಲ' ಎಂದೆ.

'ನೀ ಡಾಕ್ಟರ ಮುಂದ ನನ್ನ ಸಲುವಾಗಿ ಮಾತಾಡುವಾಗೆಲ್ಲ ನನಗೂ ಹಿಂಗ ಹೊರಗ ಕುಂತಂಗ, ನಂಬಿಕಿ ಬರದಂಗ ಆಗತಿತ್ತು' ಎಂದು ಹೇಳಿ, ನನಗಾಗಿ ಕಾಯದೆ, ಸ್ಟೇಶನ್ನಿನ ಕಡೆ ನಡೆದಳು.